ನಿಂತ ವೈಪರಿನಲ್ಲಿ ಕನಕಪುರಕ್ಕೆ

ಬುಧವಾರ ಬೆಳಿಗ್ಗೆ ತಿಪ್ಪಸಂದ್ರದಿಂದ ಹೊರಟಾಗ ಆಕಾಶದಲ್ಲಿ ಒಂದೇ ಒಂದು ಮೋಡವಿತ್ತು. ಅದನ್ನು ನೋಡಿದವನು ನಾನೊಬ್ಬನೇ.

"ಸುಮ್ನೆ ಹತ್ತಿ. ಅದೇನು ನಿಮ್ಮನ್ನೇ ಹುಡುಕ್ಕೊಂಡು ಬಂದಿಲ್ಲ," ಎಂದಳು ಹೆಂಡತಿ ಜಯಾ.

ಕನಕಪುರದಲ್ಲಿ ಅವಳ ತಮ್ಮ ನಾಗೇಶನ ಮಗಳಿಗೆ ಅಂದು ನಾಮಕರಣ. ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ, ಅಂದರೆ ಜಯಾ. ತೊಟ್ಟಿಲೂ ನಮ್ಮ ಕಡೆಯದೇ. ಚನ್ನಪಟ್ಟಣದಲ್ಲಿ ಮಾಡಲು ಹೇಳಿದ್ದೆವು. ಹನ್ನೆರಡಕ್ಕೆ ರಾಹುಕಾಲ ಶುರುವಾಗುತ್ತಿತ್ತು. ಅಷ್ಟರೊಳಗೆ ಅತ್ತೆಯನ್ನೂ ತೊಟ್ಟಿಲನ್ನೂ ಮುಟ್ಟಿಸುವ ಹೊಣೆ ಇಪ್ಪತ್ತು ವರ್ಷ ದಾಟಿದ ನನ್ನ ಕಾರಿನದು.

ಮೋಡ ಕಂಡರೆ ನಾನು ಕಾರು ತೆಗೆಯುವವನೇ ಅಲ್ಲ. ಆದರೂ ಹಿಂದಿನ ವಾರ ವೈಪರಿಗೆ ಹೊಸ ರಬ್ಬರು ಹಾಕಿಸಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಕೂತು ಓಡಿಸಿ ಓಡಿಸಿ ನೋಡಿದ್ದೆ. ಪಕ್ಕದ ಮನೆಯ ಚಿಕ್ಕಣ್ಣ ಬೇಲಿಯ ಮೇಲಿಂದ ಇಣುಕಿ, ವೈಪರ್ ಅತ್ತಿತ್ತ ತಲೆಯಾಡಿಸುವುದನ್ನು ನೋಡಿ, "ಒಬ್ನೇ ಕೂತ್ಕಂಡು ಯಾರಿಗ್ಲಾ ಬೇಡ ಬೇಡ ಅಂತಿದ್ದೀಯ?" ಎಂದಿದ್ದ.

ಮಾಗಡಿಯಲ್ಲಿ ಇಡ್ಲಿ ತಿಂದೆವು. ಹೋಟೆಲಿನಿಂದ ಹೊರಗೆ ಬರುವಷ್ಟರಲ್ಲಿ ಆ ಮೋಡ ತನ್ನ ಬಳಗವನ್ನೆಲ್ಲ ಕರೆದುಕೊಂಡು ಬಂದಿತ್ತು. ರಾಮನಗರದ ಬಂಡೆಗಳು ಕಾಣಿಸಿಕೊಂಡಾಗ ಮಳೆ ಹಿಡಿಯಿತು. ನೋಡನೋಡುತ್ತ ಬಂಡೆಗಳೂ ಮಾಯವಾದವು. ವೈಪರ್ ನಾಲ್ಕಾರು ಸಲ ಆಡಿ, ಸರಿಯಾಗಿ ನನ್ನ ಕಣ್ಣಿನ ನೇರಕ್ಕೆ ಬಂದು ನಿಂತಿತು.

ನಾನು ಹೆದರಲಿಲ್ಲ. ಇಂಥದ್ದಕ್ಕೆಂದೇ ತಿಂಗಳುಗಟ್ಟಲೆ ಮುಂಚಿತವಾಗಿ ಹೆದರಿಟ್ಟುಕೊಂಡಿದ್ದೆ. ಪೆಟ್ರೋಲ್ ಬಂಕಿನ ಸೂರಿನಡಿ ನಿಲ್ಲಿಸಿ, ಜೇಬಿನಿಂದ ಹೊಸ ಫ್ಯೂಸ್ ತೆಗೆದು ಹಾಕಿದೆ. ವೈಪರ್ ಎರಡು ಸಲ ಆಡಿತು, ಫ್ಯೂಸ್ ಸುಟ್ಟಿತು. ಇನ್ನೊಂದು ಹಾಕಿದೆ, ಅದೂ ಸುಟ್ಟಿತು. ಮೋಟಾರೇ ಹೋಯಿತೆಂದು ತೀರ್ಮಾನಿಸಿದೆ. ಮನಸ್ಸಿನಲ್ಲಿ ನಾಮಕರಣವೂ ತಪ್ಪಿ, ನಾಗೇಶನ ಮನೆಯವರು ಮುಂದಿನ ಹತ್ತು ವರ್ಷ ನಮ್ಮೊಡನೆ ಮಾತು ಬಿಟ್ಟೂ ಆಗಿತ್ತು.

ರೇಷ್ಮೆ ಗೂಡಿನ ಚೀಲಗಳನ್ನು ಮಾರ್ಕೆಟ್ಟಿಗೆ ಒಯ್ಯುತ್ತಿದ್ದ ಟೆಂಪೋದವನೊಬ್ಬ ಅಲ್ಲೇ ಮಳೆಗೆ ನಿಂತಿದ್ದ. ನನ್ನ ಪಾಡು ನೋಡಿ ತನ್ನ ಪೊಟ್ಟಣ ಬಿಚ್ಚಿದ. "ಗಾಜಿಗೆ ಒಸಿ ಹೊಗೆಸೊಪ್ಪು ಉಜ್ಜಿ ಸಾರ್. ನೀರು ನಿಲ್ಲಾಕಿಲ್ಲ, ಜಾರ್ಕಂಡು ಹೋಯ್ತದೆ."

ಉಜ್ಜಿದೆ. ನೀರು ಜಾರಿತು ಅನ್ನುವುದಕ್ಕಿಂತ, ದಾರಿ ಒಂದಿಷ್ಟು ಕಾಣುವಷ್ಟಕ್ಕೆ ಹನಿಗಳು ಹೊಂದಿಕೊಂಡು ಹೋದವು. ಚನ್ನಪಟ್ಟಣದವರೆಗಿನ ಹನ್ನೆರಡು ಕಿಲೋಮೀಟರನ್ನು ಎತ್ತಿನಗಾಡಿಯ ನಡಿಗೆಯಲ್ಲಿ ತೆವಳಿದೆವು.

"ಮಗೂ ಕಿವೀಲಿ ಹೆಸರು ಹೇಳಾಕೆ ಹೋಗ್ತಿವ್ನಿ. ಮೈಯೆಲ್ಲಾ ಹೊಗೆಸೊಪ್ಪಿನ ಗಬ್ಬು," ಎಂದು ಜಯಾ ಸೆರಗನ್ನು ಮೂಗಿಗೆ ಹಿಡಿದಳು.

ತೊಟ್ಟಿಲು ಮಾಡುವ ರಹಮತ್ ಸಾಬರ ಅಂಗಡಿಯ ಮುಂದೆ ದೊಡ್ಡ ತಗಡಿನ ಚಪ್ಪರವಿದೆ. ಕಾರನ್ನು ಅದರಡಿ ನಿಲ್ಲಿಸಿದೆ. ತೊಟ್ಟಿಲು ಕೆಂಪು, ಹಳದಿ ಅರಗಿನಲ್ಲಿ ಮಿರಮಿರ ಮಿಂಚುತ್ತಿತ್ತು. ಕಾಲು ಬಿಚ್ಚಿ ಹಿಂದಿನ ಸೀಟಿನಲ್ಲಿ ಅದನ್ನು ಮಲಗಿಸುತ್ತ ಸಾಬರು ಕೇಳಿದರು: "ಏನ್ ಸಾರ್, ಗಾಡೀಗೆ ಎಲೆಅಡಿಕೆ ಹಾಕ್ಸಿದ್ದೀರಾ?"

ನಾಚಿಕೆಯಾಗಿ ಜಯಾ ಒದ್ದೆ ಬಟ್ಟೆ ತೆಗೆದುಕೊಂಡು ಗಾಜು ಒರೆಸತೊಡಗಿದಳು. ವೈಪರಿನ ಬುಡಕ್ಕೆ ಬಂದವಳು ನಿಂತುಬಿಟ್ಟಳು. "ರೀ, ಇಲ್ ಬನ್ನಿ. ಇದು ನಾನು ಕಟ್ಟಿದ್ ಹಾರ ಕಣ್ರೀ!"

ವೈಪರಿನ ಕಡ್ಡಿ ತಿರುಗುವ ಗೂಟಕ್ಕೆ ಹತ್ತಿಯ ನೂಲು ಬಿಗಿದು ಸುತ್ತಿಕೊಂಡಿತ್ತು. ನಡುವೆ ಒಣಗಿದ ಚೆಂಡು ಹೂವಿನ ಎಸಳುಗಳು. ಹೋದ ಆಯುಧ ಪೂಜೆಯಲ್ಲಿ ಎರಡೂ ವೈಪರಿಗೆ ಸೇರಿಸಿ ಹಾರ ಕಟ್ಟಿದ್ದೆವು. ಬಾಡಿದ ಹೂ ಕಿತ್ತ ದಿನ ನಾನು ಕತ್ತರಿ ತಂದರೆ, "ಪೂಜೆ ದಾರಕ್ಕೆ ಕಬ್ಬಿಣ ಸೋಕಿಸಬಾರ್ದು, ತಾನಾಗೇ ಉದುರ್ತದೆ," ಎಂದಿದ್ದಳು. ಇರುವುದೊಂದು ಕಾರು, ದೇವರೊಡನೆ ಜಗಳ ಯಾಕೆಂದು ನಾನೂ ಬಿಟ್ಟಿದ್ದೆ. ಬಿಸಿಲಲ್ಲಿ ಸಡಿಲವಾಗಿರುತ್ತಿದ್ದ ನೂಲು ನೆನೆದ ಕೂಡಲೇ ಬಿಗಿದು, ಕಡ್ಡಿ ತಿರುಗಲಾಗದೆ ಫ್ಯೂಸ್ ಸುಡುತ್ತಿತ್ತು. ಪಾಪ, ಮೋಟಾರು ನಿರಪರಾಧಿ.

ಸಾಬರು ಉಳಿ ತಂದರು. ಜಯಾ ಕೈ ಅಡ್ಡ ಹಿಡಿದಳು. "ಬ್ಯಾಡಿ. ಇವತ್ತೇ ಶುಭಕಾರ್ಯ."

"ಅಮ್ಮಾ, ಗಂಟೆ ಹತ್ತೂವರೆ ಆಯ್ತು."

ಜಯಾ ತುರುಬಿನಿಂದ ಪಿನ್ನು ಕಿತ್ತು ಗಂಟಿನೊಳಗೆ ತೂರಿಸಿದಳು.

"ಅದೂ ಕಬ್ಬಿಣಾನೇ ಅಲ್ವಾ ಅಮ್ಮಾ?"

"ಇದು ಕತ್ತರ್ಸಾಕಿಲ್ಲ, ಬಿಡಿಸ್ತದೆ. ನೀವು ಒಸಿ ಸುಮ್ಕಿರಿ."

ಸಾಬರು ಉಳಿ ಕೆಳಗಿಟ್ಟರು. ಅಂಥ ವಾದಕ್ಕೆ ನಾನು ಮದುವೆಯಾದಾಗಿನಿಂದ ಸುಮ್ಮನಿದ್ದೇನೆ. ಒಂದೊಂದೇ ಸುತ್ತು ಬಿಚ್ಚಿ ಅವಳು ದಾರವನ್ನು ಕಣ್ಣಿಗೊತ್ತಿಕೊಂಡಳು. ಜೇಬಿನಲ್ಲಿ ಉಳಿದಿದ್ದ ಕಡೆಯ ಫ್ಯೂಸ್ ಹಾಕಿ ಸ್ವಿಚ್ ಒತ್ತಿದೆ. ವೈಪರ್ ಅತ್ತ ಹೋಯಿತು. ಇತ್ತ ಬಂತು. ಮತ್ತೆ ಅತ್ತ ಹೋಯಿತು. ನಾನು ಉಸಿರು ಬಿಟ್ಟೆ.

ಸಾತನೂರಿನ ದಾರಿಯಲ್ಲಿ ಮಳೆ ಇನ್ನೂ ಜೋರಾಯಿತು. ಗಾಜು ಮಾತ್ರ ತೊಳೆದ ತಟ್ಟೆಯಂತಿತ್ತು. "ಭಾವ, ಎಲ್ಲಿದ್ದೀರಾ? ಐನೋರು ಗಡಿಯಾರಾನೇ ನೋಡ್ತಾ ಕುಂತವ್ರೆ," ಎಂದು ನಾಗೇಶ ಫೋನು ಮಾಡಿದ. "ಬಂದ್ಬುಟ್ವಿ ಕಣಪ್ಪಾ," ಎಂದೆ. ಬದುಕಿನಲ್ಲಿ ಮೊದಲ ಸಲ ಆ ಮಾತನ್ನು ನಂಬಿ ಹೇಳಿದೆ.

ಕನಕಪುರ ತಲುಪಿದಾಗ ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ತೊಟ್ಟಿಲಿಗೆ ಕಾಲು ಕೂಡಿಸಿದ್ದೇ ಜಯಾ ಮಗುವನ್ನು ಮಲಗಿಸಿ, ಬಗ್ಗಿ, ಕಿವಿಯಲ್ಲಿ "ಮಾನಸಾ" ಎಂದಳು. ಹೊಗೆಸೊಪ್ಪಿನ ಗಾಟಿಗೆ ಮಗು ಸೀನಿತು. ಒಂಟಿ ಸೀನು ಅಪಶಕುನ. ಮೂಲೆಯಲ್ಲಿದ್ದ ಅಜ್ಜಿಯ ಮುಖ ಆಗಲೇ ಬಾಡಿತ್ತು. ನಾನು ಕಣ್ಣು ಮುಚ್ಚಿದೆ. ಎರಡನೆಯ ಸೀನು ಬಂತು. ಎಲ್ಲರೂ ಹೋ ಎಂದು ನಕ್ಕರು. ಹೋಳಿಗೆ ಊಟದಲ್ಲಿ ಎರಡು ಸಲ ತುಪ್ಪ ಹಾಕಿಸಿಕೊಂಡೆ.

ಮರಳುವಾಗ ಮಳೆ ನಿಂತಿತ್ತು. ವೈಪರ್ ನಿಂತಿರಲಿಲ್ಲ.

"ಆಫ್ ಮಾಡ್ರೀ, ಗಾಜು ಕಿರುಚ್ತಾ ಐತೆ."

"ನಿಲ್ಸಿದ್ಮೇಲೆ ಮತ್ತೆ ಓಡ್ದಿದ್ರೆ?"

ರಾಮನಗರ ದಾಟುವವರೆಗೆ ಸಹಿಸಿಕೊಂಡು, ಕೊನೆಗೆ ಅವಳೇ ಕೈ ಚಾಚಿ ಆಫ್ ಮಾಡಿದಳು. ಸಂಜೆ ತಿಪ್ಪಸಂದ್ರದ ಮನೆ ಮುಂದೆ ಅವಳು ಇಳಿದು ಒಳಗೆ ಹೋದ ಮೇಲೆ, ನೋಡೇಬಿಡೋಣವೆಂದು ನಾನು ಮತ್ತೆ ಸ್ವಿಚ್ ಮುಟ್ಟಿದೆ. ವೈಪರ್ ಬೇಡ, ಬೇಡ ಎಂದು ಎರಡು ಸಲ ತಲೆಯಾಡಿಸಿತು. ಸರಿ ಎಂದು ಆಫ್ ಮಾಡಿ ನಾನೂ ಇಳಿದೆ.