ಅಪ್ಪನ ಹನ್ನೊಂದು ದನಿ

ಸುಮ್ಮನೆ ಕೆಟ್ಟ ಸಿನಿಮಾ ಯಾರು ಬೇಕಾದರೂ ತೆಗೆಯಬಹುದು, ನೋಡಿದವರು ಬಿದ್ದು ಬಿದ್ದು ನಗುವಷ್ಟು ಕೆಟ್ಟದಾಗಿ ತೆಗೆಯಬೇಕಾದರೆ ಮಾತ್ರ ಶ್ರದ್ಧೆ ಬೇಕು ಎಂದು ನಮ್ಮಪ್ಪ ಹೇಳುತ್ತಿದ್ದರು. ಹಾಗೆ ಹೇಳುವ ಹಕ್ಕು ಅವರಿಗಿತ್ತು. ಅಂಥದೊಂದು ಸಿನಿಮಾದಲ್ಲಿ ಹನ್ನೊಂದು ಪಾತ್ರಗಳಿಗೆ ಅವರೊಬ್ಬರೇ ದನಿ ಕೊಟ್ಟಿದ್ದರು.

ಅಪ್ಪ ತುಮಕೂರು ಕಡೆಯವರು. ರೈಲ್ವೆ ಆಫೀಸಿನ ಕೆಲಸ ಸಿಕ್ಕಿ ಈ ತಮಿಳು ಊರಿಗೆ ಬಂದು, ವಡಪಳನಿಯಲ್ಲಿ ಮನೆ ಮಾಡಿ, ಇಲ್ಲೇ ಉಳಿದರು. ಆಗ ಕನ್ನಡ ಸಿನಿಮಾದ ಅರ್ಧ ಕೆಲಸ ನಮ್ಮ ಮನೆಯ ಆಚೀಚೆಯ ಬೀದಿಗಳಲ್ಲೇ ನಡೆಯುತ್ತಿತ್ತು. ಆಫೀಸು ಮುಗಿಸಿಕೊಂಡು ಅಪ್ಪ ಡಬ್ಬಿಂಗ್ ಥಿಯೇಟರಿಗೆ ಹೋಗುತ್ತಿದ್ದರು. ಪೊಲೀಸಿನವನು, ಪೋಸ್ಟ್‌ಮ್ಯಾನ್, ಕೂಗಿದ ತಕ್ಷಣ ಓಡಿ ಬರುವ ಆಳು, ಇಂಥವರಿಗೆಲ್ಲ ಅಪ್ಪನ ದನಿ. ಆ ಒಂದು ಸಿನಿಮಾಕ್ಕೆ ಬರಬೇಕಾಗಿದ್ದ ಉಳಿದ ದನಿ ಕೊಡುವವರು ಅದೇ ವಾರ ಬೇರೆ ಕಡೆ ಒಪ್ಪಿಕೊಂಡು ಕೈಕೊಟ್ಟರಂತೆ. ಬಿಡುಗಡೆಯ ದಿನ ಗೊತ್ತಾಗಿಬಿಟ್ಟಿತ್ತು. ಅಪ್ಪ ಎರಡು ದಿನ ರಜೆ ಹಾಕಿ, ಬಿಸಿನೀರು ಕುಡಿಯುತ್ತಾ ಎಲ್ಲರ ಮಾತನ್ನೂ ತಾವೇ ಆಡಿ ಮುಗಿಸಿದರು.

ಹಾಗಾಗಿ ಕೋರ್ಟಿನ ದೃಶ್ಯದಲ್ಲಿ ಜಡ್ಜು ಅಪ್ಪ, ವಕೀಲ ಅಪ್ಪ, ಕಟಕಟೆಯಲ್ಲಿ ನಿಂತ ಅಪರಾಧಿಯೂ ಅಪ್ಪ. ಅಪ್ಪನ ಮೇಲೆ ಅಪ್ಪನೇ ವಾದ ಮಾಡಿ ಅಪ್ಪನಿಂದ ಗಲ್ಲುಶಿಕ್ಷೆ ಕೊಡಿಸುತ್ತಾರೆ. ವಿಲನ್ ಪಾತ್ರದವನಿಗೆ ಕನ್ನಡ ಗೊತ್ತಿರಲಿಲ್ಲ. ಕ್ಯಾಮೆರಾ ಮುಂದೆ ತನ್ನ ಭಾಷೆಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ಹೋಗಿದ್ದ. ಆ ತುಟಿಗಳಿಗೆ ಅಪ್ಪ ‘ಎಲ್ಲಿ, ಎಲ್ಲಿದೆ ಆ ವಜ್ರ?’ ಎಂದು ಕೂರಿಸಿದ್ದರು. ಬಾಗಿಲು ಹಾಕಿದರೆ ಗೋಡೆ ಅಲುಗಾಡುತ್ತದೆ. ಹೀರೋ ಕುದುರೆ ಹತ್ತಿ ಹೊರಟು ಸ್ಕೂಟರಿನಿಂದ ಇಳಿಯುತ್ತಾನೆ. ಥಿಯೇಟರಿನಲ್ಲಿ ಒಂದು ವಾರವೂ ನಿಲ್ಲದ ಆ ಸಿನಿಮಾವನ್ನು ಈಚೆಗೆ ಯಾವನೋ ಪುಣ್ಯಾತ್ಮ ಇಂಟರ್ನೆಟ್ಟಿಗೆ ಹಾಕಿದ್ದ. ಅದು ನನ್ನ ಕಣ್ಣಿಗೆ ಬಿತ್ತು.

ಅಲ್ಲಿಂದ ಮುಂದೆ ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನಮ್ಮ ಮನೆಯಲ್ಲಿ ಅದೇ ಪೂಜೆ. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು, ಎಲ್ಲರೂ ಟೀವಿ ಮುಂದೆ. ನೋಡಿ ನೋಡಿ ಎಲ್ಲರಿಗೂ ಬಾಯಿಪಾಠವಾಯಿತು. ಮಗಳು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. ಅವಳ ಬಾಯಲ್ಲಿ ಬರುತ್ತಿದ್ದ ಕನ್ನಡವೆಲ್ಲ ಆ ಸಿನಿಮಾದ್ದೇ. ಮನೆಯಲ್ಲಿ ಒಂದು ನಿಯಮ ತಾನಾಗಿ ಹುಟ್ಟಿಕೊಂಡಿತು. ಯಾರಾದರೂ ಒಂದು ಡೈಲಾಗ್ ಹೊಡೆದರೆ ಎದುರಿಗಿದ್ದವರು ತಕ್ಷಣ ಮುಂದಿನ ಡೈಲಾಗ್ ಹೇಳಬೇಕು. ತಪ್ಪಿದವರು ಎಲ್ಲರಿಗೂ ಕಾಫಿ ಮಾಡಬೇಕು.

ಒಳ್ಳೆಯ ಸಿನಿಮಾ ನೋಡುವುದಕ್ಕೆ ನನಗೆ ಭಯ. ಅದು ನಮ್ಮೊಳಗಿನ ಏನನ್ನೋ ಕೆದಕಿ ಹೋಗುತ್ತದೆ, ಆಮೇಲೆ ಗಾಯ ನೋಡಿಕೊಳ್ಳುವವರು ನಾವು. ಕೆಟ್ಟ ಸಿನಿಮಾದ ಮುಂದೆ ಕುಳಿತರೆ ಹಾಗಲ್ಲ, ನಾವೇ ಜಾಣರು. ಅಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲ. ಗುಂಡು ತಗುಲಿ ಬಿದ್ದವನ ಹೊಟ್ಟೆ ಉಸಿರಿಗೆ ಏರಿಳಿಯುತ್ತಿರುತ್ತದೆ, ಅದನ್ನು ತೋರಿಸಿ ನಾವು ನಗುತ್ತೇವೆ. ವಾರಕ್ಕೆ ಆರು ದಿನ ಇನ್ಶೂರೆನ್ಸ್ ಆಫೀಸಿನಲ್ಲಿ ಸತ್ತವರ ಕಾಗದಪತ್ರ ನೋಡುವ ನನಗೆ ಅದು ದೊಡ್ಡ ಸಮಾಧಾನವಾಗಿತ್ತು.

ಹೀಗಿರುವಾಗ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಹೋದವು. ಜೊತೆಗೆ ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ವಾಪಸ್ಸು ಹೇಳಲು ಒಂದು ಪದವೂ ಬರುತ್ತಿರಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಮೇಡಂ ಲೋಟದ ಚಿತ್ರ, ಬೀಗದ ಕೈಯ ಚಿತ್ರ ಹಿಡಿದು ಕೇಳುವರು. ಹನ್ನೊಂದು ಜನರ ಮಾತಾಡಿದ ಮನುಷ್ಯ ‘ಲೋ, ಲೋ’ ಎಂದು ತಡಕಾಡಿ ಅತ್ತುಬಿಡುವರು. ಅಮ್ಮನ ಆಸೆ ಬಹಳ ಸಣ್ಣದು.

“ಮೊದ್ಲಿನ ಥರ ಒಂದ್ ಸಲ ನನ್ನ ‘ಲೇ’ ಅಂತ ಕರೀಲಿ ಕಣೋ. ಅಷ್ಟು ಸಾಕು, ಪೋದುಂ ನಂಗೆ” ಅನ್ನುತ್ತಿದ್ದಳು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ, ಅಪ್ಪನಿಗೆ ಹೊತ್ತು ಹೋಗಲಿ ಎಂದು ಆ ಸಿನಿಮಾ ಹಾಕಿದೆ. ಕೋರ್ಟಿನ ದೃಶ್ಯ ಬಂತು. ಜಡ್ಜು ಬಾಯಿ ತೆರೆಯುವುದಕ್ಕೂ ಅಪ್ಪ ಬಾಯಿ ತೆರೆಯುವುದಕ್ಕೂ ಸರಿಹೋಯಿತು. ‘ಸಾಕ್ಷ್ಯಾಧಾರಗಳನ್ನು ಕೂಲಂಕಷವಾಗಿ ಪರಿಶೀಲಿಸಿ’ ಎಂದು ಶುರುಮಾಡಿ, ಒಂದಕ್ಷರ ತೊದಲದೆ ತೀರ್ಪನ್ನು ಓದಿ ಮುಗಿಸಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ಅವತ್ತು ಅತ್ತಷ್ಟು ಆಮೇಲೆಯೂ ಅತ್ತಿಲ್ಲ.

ಬಾಯಿಪಾಠ ಮಾಡಿದ್ದು ತಲೆಯಲ್ಲಿ ಬೇರೆ ಕಡೆ ಉಳಿದಿರುತ್ತದೆ ಎಂದು ಮೇಡಂ ವಿವರಿಸಿದರು. ಕೆಲವರಿಗೆ ದೇವರ ಸ್ತೋತ್ರ ಬರುತ್ತದಂತೆ, ಕೆಲವರಿಗೆ ಮಗ್ಗಿ. ನಮ್ಮಪ್ಪನಿಗೆ ಬಂದದ್ದು ಇದು. ದಿನ ಕಳೆದಂತೆ ಟೀವಿ ಇಲ್ಲದೆಯೂ ಬರತೊಡಗಿತು. ಕನ್ನಡಕ ಬೇಕಾದರೆ ‘ಎಲ್ಲಿದೆ ಆ ವಜ್ರ?’ ಸ್ನಾನಕ್ಕೆ ಕರೆದರೆ ‘ನನ್ನನ್ನು ಬಂಧಿಸಲು ನಿಮ್ಮಿಂದಾಗದು.’ ನಾವು ಮುಂದಿನ ಡೈಲಾಗ್ ಹೇಳುತ್ತಿದ್ದೆವು, ಅಪ್ಪನೂ ಸೊಟ್ಟ ಬಾಯಲ್ಲಿ ನಗುತ್ತಿದ್ದರು. ಮೇಡಂ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದ್ದರು. ನಿಮ್ಮಪ್ಪ ನಾಟಕ ಆಡುತ್ತಿಲ್ಲ, ಇರುವ ಮಾತಿನಲ್ಲೇ ಏನೋ ಕೇಳುತ್ತಿದ್ದಾರೆ, ಆಟ ಬಿಟ್ಟು ಏನು ಬೇಕೆಂದು ಕೇಳಿ ಎಂದಿದ್ದರು. ಸರಿ ಅಂದೆ. ಅಂದದ್ದು ಬಾಯಿಮಾತಿಗೆ. ಮನೆಗೆ ನಗು ವಾಪಸ್ಸು ಬಂದಿತ್ತು, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆಮೇಲೊಂದು ಭಾನುವಾರ ಅಮ್ಮ ಮತ್ತು ನನ್ನ ಹೆಂಡತಿ ಪಲ್ಲಾವರಂನಲ್ಲಿ ನೆಂಟರ ಮಗುವಿನ ನಾಮಕರಣಕ್ಕೆ ಹೋಗಿದ್ದರು. ನಾನು ಅಪ್ಪನಿಗೆ ಇಡ್ಲಿ ತಿನ್ನಿಸಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಪೇಪರ್ ಓದುತ್ತಿದ್ದೆ. ಮಗಳು ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದಳು. ಗಂಟೆ ಒಂಬತ್ತಿರಬೇಕು. ಅಪ್ಪ ಎಡಗೈಯನ್ನು ಮುಂದಕ್ಕೆ ಚಾಚಿ, “ಮಗನೇ, ಈ ಮನೆಯ ದೀಪ ಯಾರು ಆರಿಸಿದರು?” ಅಂದರು.

ಅದು ಸಿನಿಮಾದಲ್ಲಿ ಹೀರೋನ ತಂದೆ ಸಾಯುವ ಹೊತ್ತಿನ ಮಾತು. ತಮಾಷೆಯೆಂದರೆ ಆತನ ತಲೆಯ ಹಿಂದೆಯೇ ದೀಪ ಧಗಧಗ ಉರಿಯುತ್ತಿರುತ್ತದೆ. ನಮಗೆ ಬಲು ಪ್ರಿಯವಾದ ದೃಶ್ಯ. ನಾನು ಪೇಪರ್ ಎಸೆದು, ಎದೆ ಬಡಿದುಕೊಂಡು, “ದೀಪ ಆರಿಲ್ಲ ಅಪ್ಪಾಜೀ, ಉರಿಯುತ್ತಿರುವುದು ನನ್ನ ಎದೆ” ಅಂದೆ. ಮಗಳು ಕಿಲಕಿಲ ನಕ್ಕಳು.

ಅಪ್ಪ ಮತ್ತೆ ಅದನ್ನೇ ಅಂದರು. ನಾನು ಮತ್ತೆ ಎದೆ ಬಡಿದುಕೊಂಡೆ. ಮೂರನೆಯ ಸಲ ಅವರು ಹೇಳಿದಾಗ ಅದರಲ್ಲಿ ನಾಟಕವೇ ಇರಲಿಲ್ಲ, ಬೀದಿಯಲ್ಲಿ ಯಾರನ್ನೋ ದಾರಿ ಕೇಳಿದ ಹಾಗಿತ್ತು. ಅಷ್ಟು ಸಾಕಿತ್ತು ತಿಳಿಯುವುದಕ್ಕೆ.

“ಅಪ್ಪಾ, ಫೀಲಿಂಗೇ ಇಲ್ವಲ್ಲ. ಒನ್ ಮೋರ್” ಅಂದೆ.

ಡಬ್ಬಿಂಗ್ ಥಿಯೇಟರಿನಲ್ಲಿ ಒನ್ ಮೋರ್ ಅಂದರೆ ಮರುಮಾತಿಲ್ಲದೆ ಇನ್ನೊಮ್ಮೆ ಹೇಳಬೇಕು. ವರ್ಷಗಟ್ಟಲೆ ಹೇಳಿ ಅಭ್ಯಾಸವಾದ ಜೀವ. ಅಪ್ಪ ಉಗುಳು ನುಂಗಿ, ಗಂಟಲು ಸರಿಮಾಡಿಕೊಂಡು, ದನಿ ನಡುಗಿಸಿ, ಮೊದಲಿಂದ ಪೂರ್ತಿ ಹೇಳಿದರು. ಮಗಳು ಚಪ್ಪಾಳೆ ತಟ್ಟಿ, “ತಾತಾ ಸೂಪರಾ ಸೊಲ್ಲಿಟ್ಟಾರು” ಅಂದಳು, ತಾತ ಸೂಪರಾಗಿ ಹೇಳಿಬಿಟ್ಟರು ಎಂದು. ನಾನು ನಕ್ಕು, ಬಟ್ಟೆ ಒಗೆಯಲು ಹಾಕಿ, ಸ್ನಾನಕ್ಕೆ ಹೋದೆ. ಬಂದು ನೋಡಿದಾಗ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಅಂದುಕೊಂಡೆ.

ಮಧ್ಯಾಹ್ನ ಎರಡು ಗಂಟೆಗೆ ಅಮ್ಮ ಬಂದಳು. ನಾಮಕರಣದ ಮನೆಯ ಒಬ್ಬಟ್ಟನ್ನು ತಟ್ಟೆಯಲ್ಲಿಟ್ಟು ಅಪ್ಪನ ಮುಂದೆ ಹಿಡಿದಳು. ಅಪ್ಪನ ಎಡಗೈ ತಟ್ಟೆಯನ್ನು ದಾಟಿ ಎಲ್ಲೋ ಗಾಳಿಯಲ್ಲಿ ಹುಡುಕಿತು. ಅಮ್ಮ ಅವರ ಮುಖದ ಮುಂದೆ ಕೈ ಆಡಿಸಿದಳು. ರೆಪ್ಪೆ ಅಲುಗಲಿಲ್ಲ.

“ಇವ್ರಿಗೆ ಕಣ್ಣು ಕಾಣ್ತಿಲ್ಲ ಕಣೋ” ಅಂದಳು. “ಯಾವಾಗಿಂದ ಹಿಂಗವ್ರೆ?”

ನಾನು ಆಟೋ ತರಲು ಓಡಿದೆ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಎರಡನೆಯ ಸ್ಟ್ರೋಕ್, ನೋಟದ ಭಾಗಕ್ಕೆ ಹೊಡೆದಿದೆ ಅಂದರು. ಶುರುವಾಗಿ ಸ್ವಲ್ಪ ಹೊತ್ತಿನೊಳಗೆ ಬಂದಿದ್ದರೆ ಒಂದು ಇಂಜೆಕ್ಷನ್ ಕೊಡಬಹುದಿತ್ತು, ಯಾವಾಗಿನಿಂದ ಹೀಗಿದ್ದಾರೆ ಎಂದು ಕೇಳಿದರು. ಬೆಳಿಗ್ಗೆ ಒಂಬತ್ತರಿಂದ ಇರಬೇಕು ಅಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಅಷ್ಟು ಹೊತ್ತಿಗೇ ಶುರುವಾಗಿದ್ದರೆ ಇಷ್ಟು ತಡ ಯಾಕೆ, ಕಣ್ಣು ಕಾಣುತ್ತಿಲ್ಲವೆಂದು ಅವರು ನಿಮಗೆ ಏನೂ ಹೇಳಲಿಲ್ಲವೇ ಎಂದು ತಮಿಳಿನಲ್ಲಿ ಕೇಳಿದರು.

ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಸ್ಟ್ರೆಚರ್ ಮೇಲೆ ಅಪ್ಪ ಮಲಗಿದ್ದರು, ಎಚ್ಚರವಾಗಿಯೇ ಇದ್ದರು.

“ಅವರುಕ್ಕು ಪೇಚ್ಚು ವರಾದು, ಡಾಕ್ಟರ್” ಅಂದೆ. ಅವರಿಗೆ ಮಾತು ಬರುವುದಿಲ್ಲ.

ಡಾಕ್ಟರು ಹೌದೇ ಎಂದು ಮರುಗಿ ಅದನ್ನೂ ಬರೆದುಕೊಂಡರು. ಅಪ್ಪ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ನಾಲ್ಕು ದಿನ ಇದ್ದರು. ಅಮ್ಮ ಕಿವಿಯ ಹತ್ತಿರ ಬಗ್ಗಿ ಎಷ್ಟು ಮಾತಾಡಿಸಿದರೂ ಒಂದು ಡೈಲಾಗೂ ಹೇಳಲಿಲ್ಲ.