ಗೌಂಡಿಯ ಚಹಾ

“ಚಹಾ ಹೊರಗ ತರ್ರಿ.”

ಹಳೆಯ ಮಾಳಿಗೆ ಮನೆ ಪರೀಕ್ಷಿಸಲು ಬಂದ ಸವಣೂರಿನ ಆ ಗೌಂಡಿ ಹೀಗೆಂದರೆ, ಆ ಸೂರಿನಡಿ ಇರುವುದು ಅಪಾಯ ಎಂದೇ ಅರ್ಥ. ಮನೆ ಗಟ್ಟಿಯಿದ್ದರೆ ಒಳಗೇ ಕೂತು ಕುಡಿಯುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ನಮ್ಮ ಮನೆಗೂ ಬಂದರು. ಗಾರೆ ಮೆತ್ತುವ ಕರಣಿಯ ಹಿಡಿಯಿಂದ ನಡುಮನೆಯ ತೊಲೆಯನ್ನು ಕುಟ್ಟುತ್ತ ಹೋದರು. ಅದು ಗೋಡೆ ಸೇರುವಲ್ಲಿ ಸದ್ದು ಪೊಳ್ಳಾಯಿತು, ಗೆದ್ದಲು ತಿಂದ ಹುಡಿ ಉದುರಿತು. ಅವರು ಅಂಗಳಕ್ಕೆ ನಡೆದರು.

“ಅಜ್ಜನ ಕಾಲದ ಸಾಗವಾನಿ ಅದು, ಏನೂ ಆಗಂಗಿಲ್ಲ,” ಎಂದರು ಅಪ್ಪ. ಅವ್ವ ಚಹಾವನ್ನು ಅಂಗಳಕ್ಕೇ ತಂದಳು. ಗೌಂಡಿ ಕೈ ಚಾಚಲಿಲ್ಲ.

“ಆ ತೊಲಿಗೇ ತೊಟ್ಲಾ ಕಟ್ಟೀರಿ, ಅಕ್ಕಾರ. ಮೊದಲ ಕೂಸನ್ನ ಹೊರಗ ತರ್ರಿ. ಚಹಾ ಆಮ್ಯಾಲ ಕುಡಿತೇನಿ.”