ಕೈಯಲ್ಲೇ ಉಳಿದ ಸಮಾಧಾನ

ಮಕ್ಕಳೇ, ಪಾಸಾಗಲು ಒಂದೆರಡು ಅಂಕ ಕಡಿಮೆ ಬಿದ್ದವರಿಗೆ ಕೃಪಾಂಕ ಹಾಕುತ್ತಾರೆ, ಸರಿ. ಸೊನ್ನೆ ತಗೊಂಡವರಿಗೂ ಹಾಕುತ್ತಾರಾ? ಹೇಳಿ ನೋಡೋಣ! ಗೊತ್ತಿಲ್ಲ ಅಲ್ವಾ? ನನಗೆ ಗೊತ್ತು. ಸೊನ್ನೆ ತಗೊಂಡವಳು ನಾನೇ.

ನಾನು ಚಿಕ್ಕವಳಿದ್ದಾಗ ನಾವಿದ್ದದ್ದು ಹನಗೋಡಿನ ಹತ್ತಿರ, ಲಕ್ಷ್ಮಣತೀರ್ಥ ಹೊಳೆ ಪಕ್ಕದ ಹಳ್ಳಿಯಲ್ಲಿ. ಆಗ ಮೂರನೇ ಕ್ಲಾಸು. ಮೇಷ್ಟ್ರು ಹತ್ತು ಅಂಕಕ್ಕೆ ಲೆಕ್ಕದ ಪರೀಕ್ಷೆ ಕೊಟ್ಟರು. ನನ್ನ ಹಾಳೆಯ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಕೋಳಿಮೊಟ್ಟೆಯಂಥ ಸೊನ್ನೆ ಬಂತು. ಅಕ್ಕನ ಚೀಲದಿಂದ ಕೆಂಪು ಪೆನ್ಸಿಲ್ಲು ಕದ್ದು, ಮೊಟ್ಟೆಯ ಎಡಗಡೆ ಒಂದೇ ಒಂದು ಗೀಟು ಎಳೆದೆ. ಹತ್ತಕ್ಕೆ ಹತ್ತು!

ಅಪ್ಪನಿಗೆ ಓದು ಬಾರದು, ಅಂಕಿ ಮಾತ್ರ ಗೊತ್ತು. ಹಾಳೆಯನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದ. ಶನಿವಾರ ಹುಣಸೂರಿನಿಂದ ನನಗೆ ಹಸಿರು ಗಾಜಿನ ಬಳೆ ತಂದ. ಅಷ್ಟಕ್ಕೇ ಬಿಡಲಿಲ್ಲ. "ಸೋಮಾರ ಮೇಷ್ಟ್ರಿಗೆ ಒಂದು ಕುಕ್ಕೆ ಅವರೆಕಾಯಿ ಕೊಟ್ಟು ಕೈ ಮುಗ್ದು ಬತ್ತೀನಿ" ಅಂದ. ಅಪ್ಪ ಹೋಗಿ ಕೈ ಮುಗಿದರೆ ಮೇಷ್ಟ್ರು ನಗುತ್ತಾರೆ. ಊರೆಲ್ಲ ಅಪ್ಪನನ್ನು ನೋಡಿ ನಗುತ್ತದೆ.

ಮಾರನೇ ದಿನ ಭಾನುವಾರ. ಮಂಜು ಇನ್ನೂ ಹೊಳೆಯ ಮೇಲೆ ಮಲಗಿತ್ತು. ನಮ್ಮ ಹೆಂಚಿನ ಚರ್ಚಿನೊಳಗೆ ಮೇಣದ ಬತ್ತಿ, ಕೊಬ್ಬರಿ ಎಣ್ಣೆ, ಹೊಸದಾಗಿ ಸಾರಿಸಿದ ನೆಲದ ವಾಸನೆ. ಆರಾಧನೆ ನಡೆಸುವ ಅಯ್ಯನವರು ಹೇಳಿದರು: ಕೃಪೆ ಅಂದರೆ ಯೋಗ್ಯತೆ ನೋಡದೆ ದೇವರು ಕೊಡುವುದು; ಅದು ಮುಂದೆ ಬಂದರೆ ಸಮಾಧಾನ ಹಿಂದೆಯೇ ಬರುತ್ತದೆ. ನನಗೆ ಒಂದೂ ತಲೆಗೆ ಹೋಗಲಿಲ್ಲ. ಬಳೆ ಮಾತ್ರ ಕೈ ಕಡಿಯುತ್ತಿತ್ತು.

ಆಮೇಲೆ ಸಮಾಧಾನ ಹಂಚುವ ಹೊತ್ತು. ಅಯ್ಯನವರು ಮೊದಲನೆಯವರ ಅಂಗೈ ಹಿಡಿದು "ಸಮಾಧಾನ" ಎನ್ನುತ್ತಿದ್ದರು. ಅವರು ಪಕ್ಕದವರಿಗೆ, ಪಕ್ಕದವರು ಇನ್ನೊಬ್ಬರಿಗೆ. ಹೀಗೆ ಸಾಲುಸಾಲಾಗಿ ಕೈಯಿಂದ ಕೈಗೆ ಬಂದದ್ದನ್ನು ಅವ್ವ ನನಗೆ ಕೊಟ್ಟಳು. ನಾನು ಅಕ್ಕನಿಗೆ ಕೊಡಬೇಕು. ನನ್ನೊಳಗೆ ಇಲ್ಲದ್ದನ್ನು ಹೇಗೆ ಕೊಡಲಿ? ಎರಡೂ ಕೈ ಲಂಗದೊಳಗೆ ಬಚ್ಚಿಟ್ಟೆ. ಬಳೆ ಝಲ್ ಅಂತು. ಸಾಲು ಅಲ್ಲಿಗೇ ನಿಂತಿತು.

"ಕೊಡೇ, ಅದನ್ಯಾಕೆ ಇಟ್ಕೊಂಡೆ!" ಅಂತ ಅಕ್ಕ ತೊಡೆ ಚಿವುಟಿದಳು. ನಾನು ಗೊಳೋ ಅಂದೆ.

ಮನೆಗೆ ಬರುವಾಗ ಹೊಳೆ ದಂಡೆಯಲ್ಲಿ ಅಪ್ಪನ ಪಂಚೆ ಹಿಡಿದು ನಿಲ್ಲಿಸಿದೆ. ಸೊನ್ನೆ, ಗೀಟು, ಪೆನ್ಸಿಲ್ಲು ಎಲ್ಲ ಹೇಳಿ, ಬಳೆ ಬಿಚ್ಚಿ ಕೊಟ್ಟೆ. ನನಗೋ ಹೊಡೆದುಬಿಟ್ಟರೆ ಸಾಕು ಅನ್ನಿಸಿತು. ಅಪ್ಪ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಬಳೆಯನ್ನು ಮತ್ತೆ ನನ್ನ ಕೈಗೆ ಏರಿಸಿದ. ಅವನ ಬೆರಳಲ್ಲಿ ಅವರೆಯ ಸೊಗಡು.

"ಇದ ಹತ್ತಕ್ಕೆ ಅಂತ ತರ್ನಿಲ್ಲ ಕಣವ್ವ, ನಿಂಗೆ ಅಂತ ತಂದೆ. ಆದ್ರೆ ನಾಳೆ ಮೇಷ್ಟ್ರಿಗೆ ನೀನೇ ಹೇಳ್ಬೇಕು."

"ಅವರೆಕಾಯಿ?"

"ಅದ್ನೂ ಕೊಡನ. ನಿಂಗೆ ಲೆಕ್ಕ ಹೇಳ್ಕೊಡೋರ್ಗೆ ಒಂದಲ್ಲ, ಎಲ್ಡು ಕುಕ್ಕೆ ಕೊಡ್ಬೇಕು!"

ಅಕ್ಕನಿಗೆ ಉರಿಯಿತು. "ಅಂಗಾರೆ ನಾನೂ ಸೊನ್ನೆ ತಗೊತೀನಿ ಬುಡು!"

"ತಗೊ. ಎರಡು ದಿನ ಹೊಟ್ಟೆ ಎಂಗಿತ್ತು ಅಂತ ಮೊದ್ಲು ಇವಳ್ನ ಕೇಳು" ಅಂದ ಅಪ್ಪ.

ಅಕ್ಕ ನನ್ನ ಮುಖ ನೋಡಿದಳು. ಎರಡು ಅಂಗೈ ಚಾಚಿ, "ಬೆಳಿಗ್ಗೇದು ಬಾಕಿ ಐತಲ್ಲ, ಈಗ್ಲಾರ ಕೊಡೇ" ಅಂದಳು. ಕೊಟ್ಟೆ. ಕೊಡುವಾಗ ಗೊತ್ತಾಯಿತು, ಈಗ ನನ್ನ ಹತ್ತಿರವೂ ಅದು ಇತ್ತು.

ಈಗ ನೀವು ಶಾಲೆಯಿಂದ ಬರುವ ಮೊದಲೇ ನಿಮ್ಮ ಅಂಕ ಅಪ್ಪನ ಫೋನಿಗೆ ಬಂದು ಕೂತಿರುತ್ತದೆ. ಗೀಟು ಎಳೆಯಲು ಜಾಗವೇ ಇಲ್ಲ, ಪಾಪ! ಸಮಾಧಾನವೂ ಪಾರಿವಾಳದ ಚಿತ್ರವಾಗಿ ಒಂದೇ ಒತ್ತಿಗೆ ನೂರು ಜನಕ್ಕೆ ಹೋಗುತ್ತದೆ. ಹೋಗಲಿ. ಆದರೆ ಜಗಳವಾಡಿದವರ ಕೈಯನ್ನು ನಿಮ್ಮ ಕೈಯಿಂದಲೇ ಹಿಡಿಯಬೇಕು.

ಇದಿಷ್ಟನ್ನೂ ಫೋನಿನಲ್ಲಿ ಒಂದೇ ಬೆರಳಲ್ಲಿ ಕುಟ್ಟಿ ಮೊಮ್ಮಗಳಿಗೆ ತೋರಿಸಿ, "ಹತ್ತಕ್ಕೆ ಎಷ್ಟು?" ಅಂದೆ. ಅವಳು ಓದಿ, ಕಣ್ಣೊರೆಸಿಕೊಂಡು, ಮೂಗು ಸುರ್ ಅನ್ನಿಸಿ ಅಂದಳು:

"ಅಜ್ಜೀ, ಕೃಪೆ ಅನ್ನೋ ಕಡೆಯೆಲ್ಲಾ ಕಪ್ಪೆ ಅಂತ ಬರ್ದಿದೀಯ. ಸೊನ್ನೆ! ಬಾ ಇಲ್ಲಿ, ಕೃಪಾಂಕ ಹಾಕಿ ತಿದ್ದಿಕೊಡ್ತೀನಿ."